ಮೂರು ನಿಮಿಷವೋ, ಇಪ್ಪತ್ತು ಪಂದ್ಯವೋ?

(ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ 2014–15ರ ಐ-ಲೀಗ್ (ಆಗ ದೇಶದ ಅತ್ಯುನ್ನತ ಫುಟ್‌ಬಾಲ್ ಲೀಗ್) ಕುರಿತು ನಡೆದ ಚರ್ಚೆ. ಹೆಸರುಗಳ ಬದಲು ಸಂಬಂಧಗಳನ್ನಷ್ಟೇ ಉಳಿಸಿಕೊಂಡಿದ್ದೇನೆ.)

ದೊಡ್ಡಪ್ಪ, ಬೆಂಗಳೂರು:
[ಫಾರ್ವರ್ಡ್ ಆದ ಚಿತ್ರ: ಕಂಠೀರವ ಕ್ರೀಡಾಂಗಣ. ಕೆಳಗಿನ ಬರಹ: "2015ರ ಮೇ 31. ಮೂರೇ ನಿಮಿಷ ಉಳಿದಿದ್ದಾಗ ಬೆಂಗಳೂರಿನ ಕೈತಪ್ಪಿದ ಲೀಗ್."]

ಇದನ್ನು ನೋಡಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ಅಂದು ಗೆದ್ದಿದ್ದರೆ ಬೆಂಗಳೂರು ಎಫ್‌ಸಿ ಸತತ ಎರಡನೆಯ ವರ್ಷ ದೇಶದ ಚಾಂಪಿಯನ್ ಆಗುತ್ತಿತ್ತು. ಎದುರಾಳಿ ಕೋಲ್ಕತ್ತದ ಮೋಹನ್ ಬಾಗಾನ್‌ಗೆ ಡ್ರಾ ಸಾಕಾಗಿತ್ತು, ನಮಗೆ ಗೆಲುವೇ ಬೇಕಿತ್ತು. 41ನೇ ನಿಮಿಷದಲ್ಲಿ ಜಾನ್ ಜಾನ್ಸನ್ ಗೋಲು ಹೊಡೆದ ಮೇಲೆ ಆಟದ ಉಳಿದ ಭಾಗದಲ್ಲಿ ಬಹುಪಾಲು ಕಿರೀಟ ನಮ್ಮ ತಲೆಯ ಮೇಲೆಯೇ ಇತ್ತು. 87ನೇ ನಿಮಿಷದಲ್ಲಿ ಒಂದು ಕಾರ್ನರ್ ಕಿಕ್ ಬಂತು, ಬೆಲ್ಲೊ ರಜಾಕ್ ಎಲ್ಲರಿಗಿಂತ ಮೇಲೆ ನೆಗೆದು ತಲೆಯಿಂದ ಚೆಂಡನ್ನು ಬಲೆಗೆ ದೂಡಿದರು, ಪಂದ್ಯ 1–1 ಆಯಿತು. ನಾನು ಅಂದು ಸ್ಟ್ಯಾಂಡಿನಲ್ಲಿಯೇ ಕೂತಿದ್ದೆ. ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿಗಳ ಹಾಡು ಅರ್ಧಕ್ಕೇ ನಿಂತದ್ದನ್ನು ಕಿವಿಯಾರೆ ಕೇಳಿದ್ದೇನೆ. ಆ ಋತುವಿನ ಉತ್ತಮ ತಂಡ ಬೆಂಗಳೂರೇ. ಅದೃಷ್ಟ ಮಾತ್ರ ಬಾಗಾನ್ ಕಡೆಗಿತ್ತು ಎಂದು ನಾನು ಅಂದೂ ಹೇಳಿದ್ದೆ, ಇಂದೂ ಹೇಳುತ್ತೇನೆ.

ಭಾವ, ಕೋಲ್ಕತ್ತ:
ದೊಡ್ಡಮಾವ, ನಿಮ್ಮ ಸಂಕಟವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದೃಷ್ಟ ಎಂಬ ಮಾತನ್ನು ಒಪ್ಪಲಾರೆ. ಕೊನೆಯ ಪಂದ್ಯಕ್ಕೆ ಬರುವಾಗ ಡ್ರಾ ಸಾಕು ಎನ್ನುವ ಅನುಕೂಲವನ್ನು ಬಾಗಾನ್‌ಗೆ ಯಾರೂ ದಾನವಾಗಿ ಕೊಟ್ಟಿರಲಿಲ್ಲ. ಅದಕ್ಕಿಂತ ಮೊದಲಿನ 19 ಪಂದ್ಯಗಳಲ್ಲಿ ತಂಡ ಅದನ್ನು ದುಡಿದುಕೊಂಡಿತ್ತು. ಅದೇ ಋತುವಿನಲ್ಲಿ ಇಲ್ಲಿ ನಡೆದ ಪಂದ್ಯದಲ್ಲಿ ಬಾಗಾನ್ ಬೆಂಗಳೂರನ್ನು 4–1ರಿಂದ ಸೋಲಿಸಿತ್ತು. ಕಂಠೀರವದ ಚಿತ್ರವನ್ನು ಹಂಚಿಕೊಳ್ಳುವವರು ಆ ಪಂದ್ಯವನ್ನು ನೆನೆಯುವುದೇ ಇಲ್ಲ. ಇನ್ನು ಆ ಹೆಡರ್ ಬಗ್ಗೆ ಹೇಳುವುದಾದರೆ, ಸೋನಿ ನಾರ್ಡೆಯಂಥ ಆಟಗಾರ ಕಾರ್ನರ್ ಹೊಡೆಯುವಾಗ ಎತ್ತರದ ರಕ್ಷಣಾ ಆಟಗಾರ ಗೋಲಿನ ಮುಂದೆ ಬಂದು ನಿಲ್ಲುವುದು ಆಕಸ್ಮಿಕವಲ್ಲ, ಅದು ಅಭ್ಯಾಸದ ಮೈದಾನದಲ್ಲಿ ಕಲಿತ ವಿದ್ಯೆ. ನಿಮ್ಮ ಗೋಲು ಹೊಡೆದ ಜಾನ್ಸನ್ ಕೂಡ ರಕ್ಷಣಾ ಆಟಗಾರರೇ ಅಲ್ಲವೇ? ಅವರದು ಕೌಶಲ, ರಜಾಕ್ ಅವರದು ಅದೃಷ್ಟ ಎಂದು ಹೇಳುವುದು ನ್ಯಾಯವಲ್ಲ.

ಒಂದು ಮಾತು ಸೇರಿಸುತ್ತೇನೆ. 1889ರಲ್ಲಿ ಹುಟ್ಟಿದ ಕ್ಲಬ್ಬಿಗೆ 2001–02ರ ನಂತರ ರಾಷ್ಟ್ರೀಯ ಲೀಗ್ ಒಲಿದಿರಲಿಲ್ಲ. 13 ವರ್ಷ ಕಾದ ಊರು ಇದು. ಇಲ್ಲಿ ನನ್ನ ಕಚೇರಿಯ ಹಿರಿಯರೊಬ್ಬರು ಆ ರಾತ್ರಿ ಅತ್ತದ್ದನ್ನು ಮರುದಿನ ಸಂಕೋಚವಿಲ್ಲದೆ ಹೇಳಿಕೊಂಡರು.

ನಾನು:
ಭಾವ, ಬೆಂಗಳೂರಿನ ಪರವಾಗಿ ಒಂದು ವಾದವನ್ನು ದೊಡ್ಡಪ್ಪ ಬಿಟ್ಟಿದ್ದಾರೆ. ಹಿಂದಿನ ವರ್ಷ ಚಾಂಪಿಯನ್ ಆಗಿದ್ದರಿಂದ ಬೆಂಗಳೂರು ಎಫ್‌ಸಿ ಆ ಋತುವಿನಲ್ಲಿ ಏಷ್ಯಾ ಮಟ್ಟದಲ್ಲಿಯೂ ಆಡಬೇಕಾಯಿತು. ಮಲೇಷ್ಯಾದ ಜೊಹೊರ್ ತಂಡದ ಎದುರು ಚಾಂಪಿಯನ್ಸ್ ಲೀಗ್ ಅರ್ಹತಾ ಪಂದ್ಯ, ಆಮೇಲೆ ಎಎಫ್‌ಸಿ ಕಪ್‌ನಲ್ಲಿ ಸಿಂಗಪುರ, ಮಾಲ್ಡೀವ್ಸ್, ಇಂಡೊನೇಷ್ಯಾದ ತಂಡಗಳ ಜೊತೆ ತವರಿನಲ್ಲೂ ಹೊರಗೂ ಪಂದ್ಯಗಳು. ಬಾಗಾನ್ ಎದುರಿನ ಪಂದ್ಯದ ವಾರದಲ್ಲಿಯೇ ಹಾಂಗ್‌ಕಾಂಗ್‌ಗೆ ಹೋಗಿ ಅಲ್ಲಿನ ಸೌತ್ ಚೀನಾ ತಂಡದ ಎದುರು ನಾಕೌಟ್ ಪಂದ್ಯ ಆಡಿ 0–2ರಿಂದ ಸೋತಿತ್ತು. ಆ ವರ್ಷ ಬಾಗಾನ್‌ಗೆ ಏಷ್ಯಾದ ಹೊರೆ ಇರಲಿಲ್ಲ. ದಣಿದ ಕಾಲುಗಳು 87ನೇ ನಿಮಿಷದಲ್ಲಿ ಅರ್ಧ ಅಡಿ ಕಡಿಮೆ ನೆಗೆಯುತ್ತವೆ.

ಭಾವ, ಕೋಲ್ಕತ್ತ:
ದಣಿವಿನ ಮಾತು ನಿಜವಿರಬಹುದು. ಆದರೆ ಏಷ್ಯಾದಲ್ಲಿ ಆಡುವುದು ಶಿಕ್ಷೆಯಲ್ಲ, ಗೆದ್ದವರಿಗೆ ಸಿಕ್ಕ ಗೌರವ. ಎರಡೂ ಕಡೆ ಆಡಲು ಬೇಕಾದಷ್ಟು ಆಟಗಾರರನ್ನು ಹೊಂದಿಸಿಕೊಳ್ಳುವುದು ಚಾಂಪಿಯನ್ ತಂಡದ ಹೊಣೆ.

ಅತ್ತೆ, ಮೈಸೂರು:
ಅಣ್ಣಾ, ಅಳಿಯಂದಿರೇ, ನೀವಿಬ್ಬರೂ ಅದೃಷ್ಟ, ದಣಿವು ಎಂದು ಅಳೆಯಲಾಗದ ಮಾತುಗಳನ್ನೇ ಆಡುತ್ತಿದ್ದೀರಿ. ಮೂವತ್ತು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟವಳಿಗೆ ಅಂಕಪಟ್ಟಿ ಕಣ್ಣೆದುರು ಇರುವಾಗ ಸುಮ್ಮನಿರಲು ಆಗುವುದಿಲ್ಲ. ಗೆಲುವಿಗೆ 3 ಅಂಕ, ಡ್ರಾಗೆ 1. ಬಾಗಾನ್ 20 ಪಂದ್ಯಗಳಲ್ಲಿ 11 ಗೆದ್ದು, 6 ಡ್ರಾ ಮಾಡಿ, 3 ಸೋತು 39 ಅಂಕ ಪಡೆದಿದೆ. ಬೆಂಗಳೂರು 10 ಗೆದ್ದು, 7 ಡ್ರಾ ಮಾಡಿ, 3 ಸೋತು 37 ಅಂಕ ಪಡೆದಿದೆ. ಇಬ್ಬರೂ ಸೋತದ್ದು ಸಮ. ಕಂಠೀರವದ ಆ ಪಂದ್ಯವನ್ನು ಬೆಂಗಳೂರು ಗೆದ್ದಿದ್ದರೆ ಅದಕ್ಕೆ 39, ಬಾಗಾನ್‌ಗೆ 38 ಆಗುತ್ತಿತ್ತು. ಅಂದರೆ ಅಣ್ಣ ಹೇಳುವಂತೆ ಆ ಒಂದು ಹೆಡರ್ ಪಟ್ಟಿಯನ್ನು ತಿರುಗಿಸಿದ್ದು ನಿಜ. ಆದರೆ ಅದಕ್ಕಿಂತ ಮೊದಲಿನ 6 ಡ್ರಾಗಳಲ್ಲಿ ಎರಡು ಗೆಲುವಾಗಿದ್ದರೂ ಆ ಪಂದ್ಯಕ್ಕೆ ಬರುವಾಗ ಬೆಂಗಳೂರಿಗೇ ಡ್ರಾ ಸಾಕಾಗುತ್ತಿತ್ತು ಎಂಬುದೂ ಅಷ್ಟೇ ನಿಜ. ಜನವರಿಯಿಂದ ಮೇ ತಿಂಗಳವರೆಗೆ ಹರಡಿದ್ದ ಆ ಡ್ರಾಗಳ ಚಿತ್ರವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಚಿತ್ರದ ಕೆಳಗಿನ ಬರಹ ಸುಳ್ಳಲ್ಲ, ಆದರೆ ಇಪ್ಪತ್ತನೆಯ ಒಂದು ಭಾಗವನ್ನು ತೋರಿಸಿ ಪೂರ್ತಿ ಎನ್ನುತ್ತಿದೆ.

ದೊಡ್ಡಪ್ಪ, ಬೆಂಗಳೂರು:
ತಂಗಿ, ನಿನ್ನ ಲೆಕ್ಕದಲ್ಲಿ ತಪ್ಪು ಹುಡುಕುವ ಶಕ್ತಿ ನನಗಿಲ್ಲ. ಆದರೂ ಕಣ್ಣಾರೆ ಕಂಡ ಆಟಕ್ಕೆ ಬೆಲೆ ಇಲ್ಲವೇ?

ಚಿಕ್ಕಪ್ಪ, ಮಡಗಾಂವ್:
ಅಣ್ಣಾ, ಬೆಳಿಗ್ಗೆಯಿಂದ ಓದುತ್ತಿದ್ದೇನೆ. ನೀವೆಲ್ಲ ಪಟ್ಟಿಯ ಮೇಲಿನ ಎರಡು ಸಾಲುಗಳಿಗಾಗಿ ವಾದ ಮಾಡುತ್ತಿದ್ದೀರಿ. ಆ ಋತುವಿನ ನಿಜವಾದ ಅನ್ಯಾಯ ಕೆಳಗಿನ ಎರಡು ಸಾಲುಗಳಲ್ಲಿದೆ. 11 ತಂಡಗಳಲ್ಲಿ ಕೊನೆಯ ಸ್ಥಾನ ಪಡೆದದ್ದು ಪುಣೆಯ ಭಾರತ್ ಎಫ್‌ಸಿ, ಅದಕ್ಕಿಂತ ಒಂದು ಮೆಟ್ಟಿಲು ಮೇಲಿದ್ದದ್ದು ನಮ್ಮ ಗೋವಾದ ಡೆಂಪೊ. ಎರಡನೆಯ ದರ್ಜೆಗೆ ಹಿಂಬಡ್ತಿ ಪಡೆದದ್ದು ಡೆಂಪೊ! ಭಾರತ್ ಎಫ್‌ಸಿ ಕೆಳದರ್ಜೆಯಲ್ಲಿ ಗೆದ್ದು ಬರದೆ ನೇರ ಪ್ರವೇಶ ಪಡೆದ ಹೊಸ ತಂಡವಾದ್ದರಿಂದ ಅದನ್ನು ಕೆಳಗಿಳಿಸುವಂತಿರಲಿಲ್ಲ. ಐದು ಬಾರಿ ರಾಷ್ಟ್ರೀಯ ಲೀಗ್ ಗೆದ್ದ ತಂಡ ಡೆಂಪೊ. ಅದೇ ವರ್ಷದ ಜನವರಿಯಲ್ಲಿ ಫೆಡರೇಷನ್ ಕಪ್ ಫೈನಲ್ ತಲುಪಿ ನಿಮ್ಮ ಬೆಂಗಳೂರಿನ ಎದುರು 1–2ರಿಂದ ಸೋತಿತ್ತು. ಐದು ತಿಂಗಳು ತುಂಬುವುದರೊಳಗೆ ಅದನ್ನು ಹೊರಗೆ ಹಾಕಿದರು.

ಇನ್ನೂ ದುಃಖದ ಸಂಗತಿ ಏನೆಂದರೆ, ಹಾಗೆ ಕಾಪಾಡಿದ ಭಾರತ್ ಎಫ್‌ಸಿ ಮರುವರ್ಷ ಲೀಗಿನಲ್ಲಿ ಇರಲೇ ಇಲ್ಲ. ಯಾರಿಗಾಗಿ ಡೆಂಪೊವನ್ನು ಬಲಿ ಕೊಟ್ಟರೋ ಅವರೇ ಅಂಗಡಿ ಮುಚ್ಚಿದರು. ಅತ್ತೆಯ ಲೆಕ್ಕ ಮೇಲಿನ ಸಾಲಿಗೆ ಸರಿಯಾದರೆ ಕೆಳಗಿನ ಸಾಲಿಗೂ ಸರಿಯಾಗಬೇಕು. ಕೊನೆಯವರು ಇಳಿಯುವುದಿಲ್ಲ ಎಂದರೆ 20 ಪಂದ್ಯ ಆಡಿಸಿದ್ದು ಯಾತಕ್ಕೆ?

ದೊಡ್ಡಪ್ಪ, ಬೆಂಗಳೂರು:
ತಮ್ಮಾ, ಡೆಂಪೊ ಬಗ್ಗೆ ನನಗೂ ಮರುಕವಿದೆ. ಆದರೆ ಆ ನಿಯಮ ಋತು ಮುಗಿದ ಮೇಲೆ ಹುಟ್ಟಿದ್ದಲ್ಲ. ಕೋಟಿಗಟ್ಟಲೆ ಹಣ ಹೂಡಿ ಹೊಸ ಊರಿನಲ್ಲಿ ತಂಡ ಕಟ್ಟುವವರಿಗೆ ಮೊದಲ ಒಂದೆರಡು ವರ್ಷ ಭದ್ರತೆ ಇಲ್ಲದಿದ್ದರೆ ಯಾರು ಮುಂದೆ ಬರುತ್ತಾರೆ? ಬೆಂಗಳೂರು ಎಫ್‌ಸಿ ಕೂಡ 2013ರಲ್ಲಿ ಇದೇ ನೇರ ಪ್ರವೇಶದ ಬಾಗಿಲಿನಿಂದಲೇ ಬಂದದ್ದು. ಆ ಬಾಗಿಲು ಇಲ್ಲದಿದ್ದರೆ ನಮ್ಮ ಊರಿಗೆ ಈ ತಂಡವೇ ಇರುತ್ತಿರಲಿಲ್ಲ.

ಚಿಕ್ಕಪ್ಪ, ಮಡಗಾಂವ್:
ಬಂದ ಬಾಗಿಲಿನ ಬಗ್ಗೆ ನನ್ನ ತಕರಾರಿಲ್ಲ, ಅಣ್ಣಾ. ಬೆಂಗಳೂರಿನ ಅಂದಿನ ತರಬೇತುದಾರ ಆ್ಯಶ್ಲಿ ವೆಸ್ಟ್‌ವುಡ್ ಅವರ ಹುಡುಗರು ಬಂದ ವರ್ಷವೇ ನಮ್ಮೂರಿನ ಫತೋರ್ಡಾದಲ್ಲಿ ಡೆಂಪೊವನ್ನು 4–2ರಿಂದ ಸೋಲಿಸಿ ಚಾಂಪಿಯನ್ ಆದರು. ನಾನು ಎದುರಾಳಿಗಳ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿದವನು. ಬೆಂಗಳೂರು ರಕ್ಷಣೆ ಕೇಳಲಿಲ್ಲ, ಆಡಿ ತನ್ನ ಸ್ಥಾನ ಗಳಿಸಿತು. ನನ್ನ ಆಕ್ಷೇಪ ಇಷ್ಟೇ: ಹೊಸಬರಿಗೆ ರಕ್ಷಣೆ ಕೊಡಲೇಬೇಕಿದ್ದರೆ ಅವರು ಕೊನೆಗೆ ಬಂದ ವರ್ಷ ಯಾರನ್ನೂ ಕೆಳಗಿಳಿಸಬಾರದು. ಹೊಸಬರ ಸೋಲಿನ ಬಿಲ್ಲನ್ನು ಪಕ್ಕದವನ ಕೈಗೆ ಕೊಡುವ ನಿಯಮ ಮೊದಲೇ ಬರೆದಿಟ್ಟದ್ದು ಎಂಬ ಮಾತ್ರಕ್ಕೆ ನ್ಯಾಯವಾಗುವುದಿಲ್ಲ.

ಭಾವ, ಕೋಲ್ಕತ್ತ:
ಚಿಕ್ಕಮಾವ, ಈ ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಕಡೆಗಿದ್ದೇನೆ, ಅದಕ್ಕೆ ಇನ್ನೊಂದು ಪುರಾವೆ ಕೊಡುತ್ತೇನೆ. ಮುಂದಿನ ಋತುವಿನಲ್ಲಿ ಇದೇ ಕಥೆ ಮರುಕಳಿಸಿತು. ಕೊನೆಯ ಸ್ಥಾನಕ್ಕೆ ಬಂದದ್ದು ನೇರ ಪ್ರವೇಶದ ಡಿಎಸ್‌ಕೆ ಶಿವಾಜಿಯನ್ಸ್, ಹಿಂಬಡ್ತಿಯ ತೀರ್ಪು ಬಂದದ್ದು ಮಿಜೋರಾಮಿನ ಐಜ್ವಾಲ್ ಎಫ್‌ಸಿಗೆ. ಗೋವಾದ ಕ್ಲಬ್‌ಗಳು ಹಿಂದೆ ಸರಿದ ಮೇಲೆ ಐಜ್ವಾಲನ್ನು ವಾಪಸು ಕರೆದರು, ಅದೇ ಐಜ್ವಾಲ್ 2016–17ರಲ್ಲಿ ಲೀಗನ್ನೇ ಗೆದ್ದಿತು. ಗೋವಾದವರು ಬಿಟ್ಟುಹೋಗದಿದ್ದರೆ ಆ ವರ್ಷದ ಚಾಂಪಿಯನ್ ತಂಡ ಎರಡನೆಯ ದರ್ಜೆಯಲ್ಲಿ ಆಡುತ್ತಿತ್ತು.

ನಾನು:
ಹಿಂದೆ ಸರಿದವರಲ್ಲಿ ಡೆಂಪೊ ಕೂಡ ಇತ್ತು ಎಂಬುದನ್ನೂ ಹೇಳಬೇಕು, ಭಾವ. ಕೆಳಗೆ ಹೋದ ಡೆಂಪೊ ಎರಡನೆಯ ದರ್ಜೆಯನ್ನು ಗೆದ್ದು ಮತ್ತೆ ಮೇಲೆ ಬರುವ ಹಕ್ಕು ಸಂಪಾದಿಸಿತ್ತು. ಆದರೆ ಐ-ಲೀಗನ್ನೇ ಕೆಳದರ್ಜೆಗೆ ಇಳಿಸುವ ಪ್ರಸ್ತಾವ ಬಂದಾಗ, ಗೋವಾದವೇ ಆದ ಸಾಲ್ಗಾಂವ್ಕರ್ ಮತ್ತು ಸ್ಪೋರ್ಟಿಂಗ್ ಗೋವಾ ಜೊತೆ ಪ್ರತಿಭಟಿಸಿ ಹೊರಬಂದಿತು. 2014–15ರಲ್ಲಿ ಮೂರನೆಯ ಸ್ಥಾನ ಪಡೆದ ಶಿಲ್ಲಾಂಗಿನ ರಾಯಲ್ ವಾಹಿಂಗ್ಡೊ ಸಹ ಮರುವರ್ಷ ಆಡಲಿಲ್ಲ. ಮೂರನೆಯವರು ಇಲ್ಲ, ಹತ್ತನೆಯವರು ಇಲ್ಲ, ಹನ್ನೊಂದನೆಯವರೂ ಇಲ್ಲ. ನಾವು ಮಾತ್ರ ಮೊದಲನೆಯವರು ಯಾರಾಗಬೇಕಿತ್ತು ಎಂದು ಇಂದಿಗೂ ಕೇಳುತ್ತಿದ್ದೇವೆ.

ದೊಡ್ಡಪ್ಪ, ಬೆಂಗಳೂರು:
ಡೆಂಪೊ ಉಳಿಯಬೇಕಿತ್ತು, ಒಪ್ಪಿದೆ. ಯಾರನ್ನೂ ಇಳಿಸದೆ ತಂಡಗಳನ್ನು ಹೆಚ್ಚಿಸಿದ್ದರೆ ಆಗುತ್ತಿತ್ತು ಎನ್ನುವ ತಮ್ಮನ ಮಾತೂ ಸರಿ. ಆದರೆ ಉತ್ತಮ ತಂಡ ಬೆಂಗಳೂರೇ ಎಂಬ ನನ್ನ ಅಭಿಪ್ರಾಯ ಬದಲಾಗದು; 2015–16ರಲ್ಲಿ ಬಾಗಾನನ್ನು ಎರಡನೆಯ ಸ್ಥಾನಕ್ಕೆ ತಳ್ಳಿ ಮತ್ತೆ ಲೀಗ್ ಗೆದ್ದದ್ದೇ ಅದಕ್ಕೆ ಸಾಕ್ಷಿ.

ಭಾವ, ಕೋಲ್ಕತ್ತ:
ಅದು ಮುಂದಿನ ವರ್ಷದ ಸಾಕ್ಷಿ, ದೊಡ್ಡಮಾವ. ಹಿಂದಿನ ವರ್ಷದ ಮೊಕದ್ದಮೆಗೆ ಅದು ನಡೆಯುವುದಿಲ್ಲ.

ಅತ್ತೆ, ಮೈಸೂರು:
ಇದನ್ನು ನೀವಿಬ್ಬರೂ ಬಗೆಹರಿಸಿಕೊಳ್ಳಿ. ತಂಡಗಳು ಹೆಚ್ಚಾದರೆ ಪಂದ್ಯಗಳು ವಿಪರೀತ ಹೆಚ್ಚುತ್ತವೆ ಎಂದು ಯಾರೂ ವಾದಿಸಬಾರದೆಂದು ಒಂದು ಲೆಕ್ಕ ಬರೆಯುತ್ತೇನೆ. ಬಂದವರು, ಹೋದವರು ಎಲ್ಲ ಕಳೆದು ಕೂಡಿದ ಮೇಲೆ 2015–16ರಲ್ಲಿ ಉಳಿದದ್ದು 9 ತಂಡಗಳು, ಪ್ರತಿ ತಂಡಕ್ಕೆ 16 ಪಂದ್ಯ. ಡೆಂಪೊವನ್ನು ಉಳಿಸಿಕೊಂಡಿದ್ದರೆ 10 ತಂಡಗಳು, ತಲಾ 18 ಪಂದ್ಯ ಆಗುತ್ತಿದ್ದವು. ಹಿಂದಿನ ವರ್ಷ ಇದೇ ಲೀಗ್ ಪ್ರತಿ ತಂಡಕ್ಕೆ 20 ಪಂದ್ಯ ಆಡಿಸಿತ್ತು.