ಪದಚರ್ಚೆ: ‘ಇನ್ಸುಲೇಟೆಡ್ ಪ್ಯಾಂಟ್’ ಎಂಬುದಕ್ಕೆ ಕನ್ನಡ (ಬುಧವಾರ ಸಂಜೆ ಅಚ್ಚಿಗೆ ಹೋಗಬೇಕಿದೆ)

ಸೋಮವಾರ, ಬೆಂಗಳೂರಿನಿಂದ

ಎಲ್ಲರಿಗೂ ನಮಸ್ಕಾರ. ಉತ್ತರಾಖಂಡದ ಕೇದಾರಕಂಠ ಶಿಖರಕ್ಕೆ ಡಿಸೆಂಬರಿನಲ್ಲಿ ಹೊರಟಿರುವ ಚಾರಣ ತಂಡವೊಂದಕ್ಕಾಗಿ ನಾನು ಸಾಮಾನುಗಳ ಪಟ್ಟಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ತಂಡದಲ್ಲಿ ಹೆಚ್ಚಿನವರು ಹಾಸನ, ಚಿಕ್ಕಮಗಳೂರು ಕಡೆಯ ಶಾಲಾ ಶಿಕ್ಷಕರು; ಹಿಮವನ್ನು ಕಣ್ಣಾರೆ ಕಂಡವರು ಅವರಲ್ಲಿ ಇಬ್ಬರೇ. ಕಾಲಿಗೆ ತೊಡುವ ನಾಲ್ಕು ಬಟ್ಟೆಗಳು ಪಟ್ಟಿಯಲ್ಲಿವೆ: ಮೈಗೆ ಅಂಟಿಕೊಳ್ಳುವ ಥರ್ಮಲ್ ಇನ್ನರ್, ನಡೆಯುವಾಗಿನ ಸಾಧಾರಣ ಪ್ಯಾಂಟ್, ಗಾಳಿ ಮಳೆಗಳನ್ನು ತಡೆಯುವ ತೆಳುವಾದ ಹೊರಪ್ಯಾಂಟ್, ಕೊನೆಯದಾಗಿ ಬಿಡಾರ ಸೇರಿದ ಮೇಲೆ ಎಲ್ಲಕ್ಕೂ ಮೇಲೆ ಏರಿಸಿಕೊಳ್ಳುವ, ಒಳಗೆ ಬಾತುಕೋಳಿಯ ಮೃದುವಾದ ಗರಿಯನ್ನೋ ಕೃತಕ ನಾರನ್ನೋ ತುಂಬಿ ಹೊಲಿದ, 300 ಗ್ರಾಮಿನ ಆಸುಪಾಸಿನಲ್ಲಿ ತೂಗುವ ಇನ್ಸುಲೇಟೆಡ್ ಪ್ಯಾಂಟ್. ಮೊದಲ ಮೂರಕ್ಕೆ ಹೇಗೋ ದಾರಿ ಮಾಡಿಕೊಂಡಿದ್ದೇನೆ. ನಾಲ್ಕನೆಯದಕ್ಕೆ ಹಳೆಯ ಪಟ್ಟಿಯಲ್ಲಿ ‘ಉಷ್ಣನಿರೋಧಕ ಕಾಲುಡುಪು’ ಎಂದಿತ್ತು. ಅದನ್ನು ನಂಬಿ ಕಳೆದ ವರ್ಷ ಒಬ್ಬರು ಎರಡು ಜೊತೆ ಉಣ್ಣೆಯ ಕಾಲುಚೀಲಗಳನ್ನು ತಂದರೆ, ಮತ್ತೊಬ್ಬರು ಉಷ್ಣವನ್ನು ತಡೆಯುವುದಕ್ಕೆಂದು ಬೇಸಿಗೆಯ ಬಿಳಿ ಹತ್ತಿಯ ಪೈಜಾಮವನ್ನು ಮಡಿಸಿ ತಂದಿದ್ದರು.

ಇದು ನಗುವ ವಿಷಯವಲ್ಲ. ಚಾರಣ ಮೊದಲಾಗುವ ಸಾಂಕ್ರಿ ಹಳ್ಳಿ ಸುಮಾರು 1,900 ಮೀಟರ್ ಎತ್ತರದಲ್ಲಿದೆ, ಶಿಖರ ಸುಮಾರು 3,800 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಏರಿದಂತೆ ಸರಾಸರಿ 6.5 ಡಿಗ್ರಿಯಂತೆ ತಾಪ ಇಳಿಯುವುದರಿಂದ, ಹಳ್ಳಿಯಲ್ಲಿ ಸೊನ್ನೆ ಡಿಗ್ರಿ ಇದ್ದರೆ ತುದಿಯಲ್ಲಿ ಸೊನ್ನೆಗಿಂತ ಸುಮಾರು 12 ಡಿಗ್ರಿ ಕೆಳಗಿರುತ್ತದೆ. ಆ ವಸ್ತುವನ್ನು ಎಂದೂ ನೋಡದ ಓದುಗನಿಗೆ ಅದು ಏನೆಂದು, ಎಲ್ಲಿ ತೊಡಬೇಕೆಂದು ಹೊಳೆಯುವಂಥ ಒಂದು ಹೆಸರು ಬೇಕಾಗಿದೆ. ಬುಧವಾರ ಸಂಜೆ 5 ಗಂಟೆಗೆ ಪಟ್ಟಿ ಅಚ್ಚಿಗೆ ಹೋಗುತ್ತದೆ.

ಸೋಮವಾರ, ಮೈಸೂರಿನಿಂದ

‘ಉಷ್ಣನಿರೋಧಕ’ ಎಂಬುದು ನಿರ್ದುಷ್ಟವಾದ ಸಂಸ್ಕೃತ ಸಮಾಸ; ಓದುಗರು ತಪ್ಪಾಗಿ ಓದಿದರೆ ಪದದ ತಪ್ಪಲ್ಲ. ಇನ್ನೇನು ಯಾರಾದರೂ ‘ಚಳಿನಿರೋಧಕ’ ಎಂದು ಸೂಚಿಸುವರೆಂಬುದು ನನಗೆ ಗೊತ್ತಿರುವುದರಿಂದ ಈಗಲೇ ಹೇಳಿಬಿಡುತ್ತೇನೆ: ಅದು ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಹೊಂದದೆ ಬೆಸೆದದ್ದು. ಬಿರುದಾವಳಿಗೂ ಹಿಂದಿನ ಕವಿಗಳ ಪ್ರಯೋಗಕ್ಕೂ ಇರುವ ವಿನಾಯಿತಿಯನ್ನು ಪ್ಯಾಂಟಿಗೆ ಯಾರೂ ಕೊಟ್ಟಿಲ್ಲ. ಚಳಿಯೇ ಬೇಕೆಂದಿದ್ದರೆ ‘ಶೀತನಿರೋಧಕ’ ಎನ್ನಿ.

ತಪ್ಪಿರುವುದು ಪದದ ಉತ್ತರಾರ್ಧದಲ್ಲಿ. ಸೊಂಟಕ್ಕೆ ಸುತ್ತುವುದನ್ನು ಉಡುತ್ತೇವೆ, ಅವಯವಗಳನ್ನು ತೂರಿಸಿ ಧರಿಸುವುದನ್ನು ತೊಡುತ್ತೇವೆ, ಮೇಲೆ ಎಳೆದುಕೊಳ್ಳುವುದನ್ನು ಹೊದೆಯುತ್ತೇವೆ. ಪಂಚೆಯನ್ನು ಉಟ್ಟು ಅಂಗಿಯನ್ನು ತೊಟ್ಟು ಶಾಲನ್ನು ಹೊದೆಯುವ ಜನ ನಾವು. ಎರಡು ಕಾಲುಗಳನ್ನು ಎರಡು ಕೊಳವೆಗಳಿಗೆ ತೂರಿಸುವ ಬಟ್ಟೆ ‘ಉಡುಪು’ ಹೇಗಾದೀತು? ಅದು ‘ಕಾಲುತೊಡುಗೆ’.

ಸೋಮವಾರ ರಾತ್ರಿ, ಶಿವಮೊಗ್ಗದಿಂದ

‘ಶೀತನಿರೋಧಕ’ ಎಂದರೆ ನಮ್ಮ ಊರಿನಲ್ಲಿ ಔಷಧಿ ಅಂಗಡಿಗೆ ಹೋಗುತ್ತಾರೆ, ಏಕೆಂದರೆ ಶೀತವೆಂದರೆ ಮೂಗು ಸೋರುವುದು. ಮೈಸೂರಿನವರು ಸಮಾಸವನ್ನು ನೋಡಿದರೇ ಹೊರತು ಕಾಲನ್ನು ನೋಡಲಿಲ್ಲ.

ಮೂವತ್ತು ವರ್ಷ ಭೌತಶಾಸ್ತ್ರ ಹೇಳಿಕೊಟ್ಟವನಾಗಿ ಒಂದು ಮಾತು. ನಿರೋಧಕವೆಂದರೆ ತಡೆಯುವಂಥದ್ದು ಸರಿ, ಆದರೆ ಕನ್ನಡದ ಕಿವಿಗೆ ಯಾವುದೇ ನಿರೋಧಕವು ಹೊರಗಿನಿಂದ ನಮ್ಮ ಮೇಲೆ ಬರುವುದನ್ನು ತಡೆಯುವಂಥದ್ದೇ ಆಗಿರುತ್ತದೆ. ಜಲನಿರೋಧಕವು ನೀರನ್ನೂ, ರೋಗನಿರೋಧಕವು ರೋಗವನ್ನೂ ಒಳಗೆ ಬಿಡುವುದಿಲ್ಲ. ಹಾಗಿರುವಾಗ ಉಷ್ಣನಿರೋಧಕವನ್ನು ಬೆಂಕಿ ಆರಿಸುವವರ ಬಟ್ಟೆಯೆಂದೋ ಬಿಸಿಲಿನ ಬಟ್ಟೆಯೆಂದೋ ತಿಳಿದವರು ಭಾಷೆಯನ್ನು ಸರಿಯಾಗಿಯೇ ಓದಿದ್ದಾರೆ. ಇಲ್ಲಿ ನಡೆಯುವುದು ಅದರ ತಿರುಗುಮುರುಗು: ಮೈಯ ಬಿಸಿ ಹೊರಗೆ ಹೋಗದಂತೆ ಬಟ್ಟೆ ತಡೆಯುತ್ತದೆ. ತಡೆಯುವುದು ಗರಿಯೂ ಅಲ್ಲ ನಾರೂ ಅಲ್ಲ, ಅವುಗಳ ನಡುವೆ ಅಲುಗಾಡದೆ ಸಿಕ್ಕಿಕೊಂಡ ಗಾಳಿ. ಒಂದು ಔನ್ಸ್ ಗರಿ ತಾನಾಗಿ ಅರಳಿದಾಗ ಎಷ್ಟು ಘನ ಅಂಗುಲ ಜಾಗ ಹಿಡಿಯುತ್ತದೆಯೋ ಅದನ್ನೇ ಅಂಗಡಿಯವರು 600, 800 ಎಂದು ಚೀಟಿಯಲ್ಲಿ ಬರೆಯುತ್ತಾರೆ; ಆ ಅಂಕಿ ಹೆಚ್ಚಿದಷ್ಟೂ ಅಷ್ಟೇ ಬೆಚ್ಚಗೆ ಕಡಿಮೆ ತೂಕ ಸಾಕು. ಒದ್ದೆಯಾದರೆ ಗರಿ ಮುದ್ದೆಗಟ್ಟಿ ಗಾಳಿಯನ್ನು ಬಿಟ್ಟುಕೊಡುತ್ತದೆ, ಕೃತಕ ನಾರು ಅಷ್ಟು ಬೇಗ ಸೋಲುವುದಿಲ್ಲ. ಪಟ್ಟಿಯಲ್ಲಿ ಎರಡನ್ನೂ ಒಂದೇ ಹೆಸರಿನಡಿ ಸೇರಿಸುವ ಮೊದಲು ಈ ವ್ಯತ್ಯಾಸವನ್ನು ಒಂದು ಸಾಲಿನಲ್ಲಾದರೂ ಹೇಳಿರಿ.

‘ಬಿಸಿ ಪ್ಯಾಂಟ್’ ಎಂದು ಯಾರೂ ಬರೆಯದಿರಲಿ. ಬ್ಯಾಟರಿಯಿಂದ ನಿಜವಾಗಿ ಬಿಸಿಯಾಗುವ ಪ್ಯಾಂಟುಗಳೂ ಮಾರಾಟಕ್ಕಿವೆ.

ಮಂಗಳವಾರ, ಧಾರವಾಡದಿಂದ

ನಮ್ಮ ಮನೆಗಳಲ್ಲಿ ಇಂದಿಗೂ ಕೌದಿ ಹೊಲಿಯುತ್ತೇವೆ. ಪದರದ ಮೇಲೆ ಪದರವಿಟ್ಟು, ಒಳಗಿನದು ಜಾರದಂತೆ ಸಾಲುಸಾಲಾಗಿ ದಾರ ಹಾಯಿಸಿದ ಬಟ್ಟೆ ಅದು. ಇಂಥ ಪ್ಯಾಂಟಿನ ಮೇಲಿರುವ ಅಡ್ಡಹೊಲಿಗೆಗಳನ್ನು ಕಂಡ ಯಾವ ಅಜ್ಜಿಯೂ ಅದನ್ನು ಕೌದಿಯೆಂದೇ ಗುರುತಿಸುತ್ತಾಳೆ. ಆದ್ದರಿಂದ ‘ಕೌದಿ ಷರಾಯಿ’ ಎನ್ನಬಹುದೆಂದು ನನ್ನ ಸೂಚನೆ. ಕಣ್ಣಿಗೆ ಕಟ್ಟುವ ಹೆಸರು, ಕಷ್ಟಪಟ್ಟು ಟಂಕಿಸಿದ್ದಲ್ಲ.

ಮಂಗಳವಾರ, ಶಿವಮೊಗ್ಗದಿಂದ

ತಾಯಿ, ಹೆಸರು ಚೆನ್ನಾಗಿದೆ, ಆದರೆ ಕೌದಿಯಲ್ಲಿರುವುದು ಹಳೆಯ ಸೀರೆಯ ಪದರಗಳು, ಉಬ್ಬುವ ತುಂಬು ಅಲ್ಲ. ತುಂಬಿದ್ದು ಬೇಕಾದರೆ ಅರಳೆ ಹಿಂಜಿ ತುಂಬುವ ರಜಾಯಿಯನ್ನು ನೆನೆಯಬೇಕು. ಅದಕ್ಕಿಂತ ಹೆಚ್ಚಾಗಿ, ಕೌದಿ ಎಂದೊಡನೆ ಭಾರವೇ ನೆನಪಿಗೆ ಬರುತ್ತದೆ. ಪ್ರಶ್ನೆ ಕೇಳಿದವರಿಗೆ ಬೇಕಾದದ್ದು ಹಗುರ.

ಮಂಗಳವಾರ, ಮಂಗಳೂರಿನಿಂದ

ಷರಾಯಿಯೆಂದರೇನು ಸ್ವಾಮಿ? ಅದು ಹಿಂದುಸ್ತಾನಿಯ ದಾರಿಯಲ್ಲಿ ಬಂದ ಮಾತು. ಇಜಾರ ಅರಬಿಯದು, ಪೈಜಾಮ ಪಾರಸಿಯದು, ಪ್ಯಾಂಟು ಇಂಗ್ಲಿಷಿನದು. ಹತ್ತು ಬಾಗಿಲಿಗೆ ಕೈಚಾಚುವ ಮೊದಲು ನಮ್ಮ ಮನೆಯಲ್ಲೇ ಏನಿದೆಯೆಂದು ಹುಡುಕುವ ತಾಳ್ಮೆ ಯಾರಿಗೂ ಇಲ್ಲ. ಬೆಚ್ಚನೆ ಎಂಬುದು ಅಚ್ಚಕನ್ನಡ. ತೆಲುಗಿನ ವೆಚ್ಚನಿಯೊಡನೆ ಇಟ್ಟು ನೋಡಿದರೆ ಮೊದಲ ವಕಾರ ನಮ್ಮಲ್ಲಿ ಬಕಾರವಾದದ್ದು ಕಾಣುತ್ತದೆ. ಬೆಚ್ಚನೆಯ ತೊಡುಗೆ ‘ಬೆಚ್ಚುತೊಡುಗೆ’. ಇದರಲ್ಲಿ ಎರವಲಿನ ಒಂದಕ್ಷರವೂ ಇಲ್ಲ.

ಮಂಗಳವಾರ, ಮೈಸೂರಿನಿಂದ

ಬೆಚ್ಚು ಎಂದರೆ ಹೆದರು, ಹಳಗನ್ನಡದ ಬೆರ್ಚು. ಬೆಚ್ಚುತೊಡುಗೆಯೆಂದರೆ ಕಂಡವರು ಬೆಚ್ಚಿಬೀಳುವ ತೊಡುಗೆ. ಹೊಲದ ಬೆರ್ಚಪ್ಪನಿಗೆ ತೊಡಿಸಿರಿ.

ಮಂಗಳವಾರ, ಬೆಂಗಳೂರಿನಿಂದ (ಓಟಗಾರನೊಬ್ಬ)

ನಾನು ವ್ಯಾಕರಣ ಬಲ್ಲವನಲ್ಲ, ಬೆಟ್ಟ ಓಡುವವನು. ಲಡಾಖಿನ ಲೇಹ್ ಬಳಿ ಖರ್ದುಂಗ್ ಲಾ ಎಂಬ ಎತ್ತರದ ಬೆಟ್ಟದಾರಿಯನ್ನು ದಾಟುವ 72 ಕಿಲೋಮೀಟರ್ ಓಟವನ್ನು ಓಡಿದ್ದೇನೆ. ನಸುಕಿಗೆ ಮೊದಲೇ ಹೊರಡುವಾಗ ಮೊಣಕಾಲು ಮರದ ತುಂಡಿನಂತಾಗಿರುತ್ತದೆ. ಹಾಗಿದ್ದರೂ ಓಡುವಾಗ ನಾವು ತೊಡುವುದು ಬಿಗಿಯಾದ ಲೆಗ್ಗಿನ್ಸ್ ಮಾತ್ರ. ಆಲ್ಪ್ಸ್ ಪರ್ವತದ ದೊಡ್ಡ ಓಟಗಳಲ್ಲಿ ಕಾಲನ್ನು ಪೂರ್ತಿ ಮುಚ್ಚುವ ಬಟ್ಟೆ ಚೀಲದಲ್ಲಿರಲೇಬೇಕೆಂಬ ನಿಯಮವಿದೆ, ಅದೂ ಇಂಥ ಲೆಗ್ಗಿನ್ಸ್‌ನಿಂದಲೇ ಪೂರೈಸುತ್ತದೆ. ತುಂಬಿದ ಪ್ಯಾಂಟನ್ನು ತೊಟ್ಟು ಓಡಿದರೆ ಹತ್ತು ನಿಮಿಷದಲ್ಲಿ ಬೆವರು ತುಂಬಿಕೊಳ್ಳುತ್ತದೆ, ನಿಂತೊಡನೆ ಆ ಬೆವರೇ ಮೈಯನ್ನು ಕೊರೆಯುತ್ತದೆ. ಅದು ನಿಂತವನ ಬಟ್ಟೆ: ಗುಡಾರದ ಮುಂದೆ ಒಲೆ ಹೊತ್ತಿಸುವಾಗ, ಕಾಲು ಉಳುಕಿ ಬಂಡೆಯ ಪಕ್ಕ ಕುಳಿತು ಸಹಾಯಕ್ಕೆ ಕಾಯುವಾಗ ಬೇಕಾಗುವಂಥದ್ದು. ಅದಕ್ಕಾಗಿಯೇ ಒಳ್ಳೆಯ ಮಾದರಿಗಳಲ್ಲಿ ಪಕ್ಕದ ಜಿಪ್ಪು ಸೊಂಟದಿಂದ ಹಿಮ್ಮಡಿಯವರೆಗೂ ತೆರೆಯುತ್ತದೆ. ಬೂಟನ್ನು ಬಿಚ್ಚದೆ ಏರಿಸಿಕೊಳ್ಳಬಹುದು. ಕೊಳ್ಳುವವರು 30 ಗ್ರಾಂ ಉಳಿಸುವುದಕ್ಕಾಗಿ ಆ ಜಿಪ್ಪನ್ನು ಬಿಟ್ಟುಕೊಡುವುದು ಸರಿಯಲ್ಲವೆಂದು ನನ್ನ ಅನಿಸಿಕೆ. ಪದ ಯಾವುದಾದರೂ ಇರಲಿ, ‘ನಡೆಯುವಾಗ ತೊಡಬಾರದು’ ಎಂಬ ಎರಡು ಮಾತು ಪಟ್ಟಿಯಲ್ಲಿರಲಿ.

ಮಂಗಳವಾರ ರಾತ್ರಿ, ಶಿವಮೊಗ್ಗದಿಂದ

ಓಟಗಾರರು ‘ತುಂಬಿದ ಪ್ಯಾಂಟ್’ ಎಂದು ದಾರಿ ತೋರಿಸಿದರು: ಒಳಗೆ ತುಂಬಿದ್ದರಿಂದಲೇ ಹೆಸರು ಬರಲಿ. ಗರಿ ಎಂಬ ಮಾತನ್ನೇ ನಾವೆಲ್ಲರೂ ಸಡಿಲವಾಗಿ ಬಳಸುತ್ತಿದ್ದೇವೆ, ನಿನ್ನೆ ನಾನೂ ಬಳಸಿದೆ. ಗರಿಗೆ ನಡುವೆ ಕಡ್ಡಿ ಇರುತ್ತದೆ, ಹಕ್ಕಿಯನ್ನು ಹಾರಿಸುವುದು ಅದು. ಅದರ ಕೆಳಗೆ ಎದೆಯ ಮೇಲೆ ಕಡ್ಡಿಯಿಲ್ಲದೆ ಹಿಂಜಿದ ಅರಳೆಯಂತೆ ಇರುವುದಕ್ಕೆ ಕನ್ನಡದಲ್ಲಿ ಬೇರೆಯೇ ಹೆಸರಿದೆ: ತುಪ್ಪುಳು. ಹಿಮಕರಡಿಯ ಪಾಠ ಮಾಡಿದ ಯಾವ ಶಿಕ್ಷಕರಿಗೂ ಆ ಮಾತು ಹೊಸದಲ್ಲ. ‘ತುಪ್ಪುಳು ಷರಾಯಿ’ ಎಂದರೆ ಒಳಗೇನಿದೆ, ಅದರಿಂದ ಏನಾಗುತ್ತದೆ ಎಂಬೆರಡೂ ಒಂದೇ ಉಸಿರಿನಲ್ಲಿ ತಿಳಿಯುತ್ತವೆ. ತುಪ್ಪಕ್ಕೂ ತುಪ್ಪುಳಿಗೂ ನಂಟು ಹೇಳಲು ಯಾರಾದರೂ ಬರುವ ಮೊದಲೇ ಬೇಡಿಕೊಳ್ಳುತ್ತೇನೆ, ದಯವಿಟ್ಟು ಬರಬೇಡಿ.

ಬುಧವಾರ ಬೆಳಿಗ್ಗೆ, ಮಂಗಳೂರಿನಿಂದ

ತುಪ್ಪುಳಿಗೆ ನನ್ನ ಒಪ್ಪಿಗೆಯಿದೆ, ಪಕ್ಕದ ಷರಾಯಿಗಿಲ್ಲ. ಅಲ್ಲದೆ, ಕೃತಕ ನಾರು ತುಂಬಿದ್ದನ್ನು ತುಪ್ಪುಳೆಂದು ಕರೆಯುವುದು ಸುಳ್ಳಲ್ಲವೇ?

ಬುಧವಾರ ಬೆಳಿಗ್ಗೆ, ಧಾರವಾಡದಿಂದ

ಎಣ್ಣೆ ಎಂದರೆ ಎಳ್ಳಿನ ನೆಯ್, ಅಂದರೆ ಎಳ್ಳಿನ ಜಿಡ್ಡು. ಇಂದು ಕೊಬ್ಬರಿಯದೂ ಎಣ್ಣೆಯೇ, ಶೇಂಗಾದ್ದೂ ಎಣ್ಣೆಯೇ, ಲಾಂದ್ರಕ್ಕೆ ಹಾಕುತ್ತಿದ್ದ ಸೀಮೆಎಣ್ಣೆಯೂ ಎಣ್ಣೆಯೇ. ಅವುಗಳಲ್ಲಿ ಎಳ್ಳನ್ನು ಹುಡುಕಿದವರನ್ನು ನಾನು ಕಂಡಿಲ್ಲ. ಬಾತುಕೋಳಿಯಿಲ್ಲದ ತುಪ್ಪುಳೂ ಹಾಗೆಯೇ ನಡೆದೀತು. ಷರಾಯಿಯ ವಿಷಯಕ್ಕೆ ಬಂದರೆ, ಅದು ಬಂದ ದಾರಿ ಯಾವುದಾದರೂ ಇರಲಿ, ನಮ್ಮ ಮುತ್ತಜ್ಜಂದಿರ ಕಾಲದಿಂದ ಮನೆಯಲ್ಲಿದೆ. ಮನೆಯಲ್ಲಿ ಅಷ್ಟು ಕಾಲ ಇದ್ದವರನ್ನು ಇನ್ನೂ ಅತಿಥಿಯೆನ್ನುವುದು ಸೌಜನ್ಯವಲ್ಲ. ಎರವಲನ್ನು ಬಿಡುವುದೇ ನಿಯಮವಾದರೆ ಮಂಗಳೂರಿನವರು ತಮ್ಮ ಪತ್ರವನ್ನು ‘ಸ್ವಾಮಿ’ ಎಂಬ ಸಂಬೋಧನೆಯಿಲ್ಲದೆ ಮತ್ತೊಮ್ಮೆ ಬರೆಯಬೇಕಾದೀತು.

ಬುಧವಾರ ಮಧ್ಯಾಹ್ನ, ಮೈಸೂರಿನಿಂದ

ಕನ್ನಡ ತುಪ್ಪುಳಿಗೆ ಎರವಲಿನ ಷರಾಯಿ ಸೇರಿದರೆ ಅರಿಸಮಾಸವಾಗುವುದಿಲ್ಲವೇ ಎಂದು ಯಾರೂ ಕೇಳಲಿಲ್ಲ. ನಾನೇ ಉತ್ತರಿಸುತ್ತೇನೆ: ಆ ದೋಷವನ್ನು ಹೇಳುವುದು ಸಂಸ್ಕೃತದೊಡನೆ ಕನ್ನಡ ಬೆರೆತಾಗ. ತದ್ಭವಕ್ಕೂ ಅನ್ಯದೇಶ್ಯಕ್ಕೂ ಅದು ತಗಲುವುದಿಲ್ಲ. ಆದ್ದರಿಂದ ಅಡ್ಡಿಯಿಲ್ಲ. ‘ಉಡು’ ಎಂದು ಬರೆಯದಿದ್ದರೆ ಸಾಕು.

ಬುಧವಾರ ಮಧ್ಯಾಹ್ನ 3 ಗಂಟೆ, ಬೆಂಗಳೂರಿನಿಂದ (ಪ್ರಶ್ನೆ ಕೇಳಿದವಳು)

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಇಷ್ಟು ದಿನ ನನ್ನನ್ನು ತೊಡಕಿಗೆ ಸಿಕ್ಕಿಸಿದ್ದು ಇನ್ಸುಲೇಟೆಡ್ ಎಂಬ ಗುಣವಾಚಕ ಎಂದುಕೊಂಡಿದ್ದೆ. ನಿಮ್ಮ ಪತ್ರಗಳನ್ನು ಓದಿದ ಮೇಲೆ ಅಷ್ಟೇ ತೊಡಕು ‘ಕಾಲು’ ಎಂಬ ಮಾತಿನಲ್ಲೂ ಇದೆಯೆಂದು ಕಂಡುಬಂತು. ತೊಡೆಯಿಂದ ಬೆರಳಿನವರೆಗೂ ಎಲ್ಲವೂ ಕನ್ನಡದಲ್ಲಿ ಕಾಲೇ ಆದ್ದರಿಂದ, ಕಾಲುಡುಪೆಂದರೂ ಕಾಲುತೊಡುಗೆಯೆಂದರೂ ಓದುಗನ ಕೈ ಕಾಲುಚೀಲದ ಕಡೆಗೇ ಹೋಗುತ್ತದೆ. ಷರಾಯಿ ಎಂದಾಗ ಮಾತ್ರ ಸೊಂಟದಿಂದ ಹಿಮ್ಮಡಿಯವರೆಗಿನದು ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. ಆ ಕಾರಣಕ್ಕಾಗಿಯೇ, ಮಂಗಳೂರಿನವರ ಕ್ಷಮೆ ಕೋರಿ, ಅದನ್ನು ಇಟ್ಟುಕೊಂಡಿದ್ದೇನೆ. ಮೊದಲ ಮೂರನ್ನು ತಿದ್ದದೆ ಇನ್ನರ್, ಪ್ಯಾಂಟ್, ಹೊರಪ್ಯಾಂಟ್ ಎಂದೇ ಬಿಟ್ಟಿದ್ದೇನೆ. ಅವನ್ನು ಕೊಳ್ಳಲು ಅಂಗಡಿಗೆ ಹೋದವರು ಕೇಳುವುದೂ ಹಾಗೆಯೇ. ನಾಲ್ಕನೆಯ ಸಾಲು ಹೀಗಿದೆ:

‘ತುಪ್ಪುಳು ಷರಾಯಿ, ಒಂದು. ರಜಾಯಿಯಂತೆ ಒಳಗೆ ತುಪ್ಪುಳನ್ನೋ ಕೃತಕ ನಾರನ್ನೋ ತುಂಬಿ ಹೊಲಿದಿರಬೇಕು. 350 ಗ್ರಾಮಿಗಿಂತ ಹೆಚ್ಚು ತೂಗಬಾರದು. ಬೂಟಿನ ಮೇಲೆಯೇ ಏರಿಸಲು ಪಕ್ಕದಲ್ಲಿ ಉದ್ದನೆಯ ಜಿಪ್ಪು ಇರಲಿ. ಬಿಡಾರದಲ್ಲಿ ನಿಂತಾಗ, ಕುಳಿತಾಗ, ಮಲಗುವಾಗ ತೊಡುವುದು. ನಡೆಯುವಾಗ ತೊಡಬಾರದು. ತುಪ್ಪುಳಿನದಾದರೆ ಒದ್ದೆಯಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡಿ.’

ಅಚ್ಚಿನವರು ಈಗಷ್ಟೇ ಫೋನ್ ಮಾಡಿ ಷರಾಯಿಗೆ ‘ಷ’ವೋ ‘ಶ’ವೋ ಎಂದು ಕೇಳಿದರು. ಇನ್ನೂ ಎರಡು ಗಂಟೆ ಇದೆ.

ಬುಧವಾರ, 3 ಗಂಟೆ 10 ನಿಮಿಷ, ಮೈಸೂರಿನಿಂದ

ಷ.

ಬುಧವಾರ, 3 ಗಂಟೆ 12 ನಿಮಿಷ, ಮಂಗಳೂರಿನಿಂದ

ಎರಡೂ ಅಲ್ಲ. ಸ.