ಪದ ಬೇಕು (ಅರ್ಜೆಂಟ್): ಟ್ರಿನಿಡಾಡಿನ ಸ್ಟೀಲ್ ಪ್ಯಾನ್‌ಗೆ ಕನ್ನಡದಲ್ಲಿ ಏನನ್ನೋದು?

ಎಲ್ಲರಿಗೂ ನಮಸ್ಕಾರ.

ಶಾಲೆಯೊಂದರ ವಾದ್ಯ ಪ್ರದರ್ಶನಕ್ಕೆ ಬೋರ್ಡುಗಳನ್ನು ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಪೇಂಟರ್ ಬರುತ್ತಾನೆ. ಟ್ರಿನಿಡಾಡ್ ದ್ವೀಪದ ಬೋರ್ಡು ಮಾತ್ರ ಬಾಕಿ. ಎರಡು ವಾದ್ಯ ಇವೆ: ಸ್ಟೀಲ್ ಪ್ಯಾನ್ ಮತ್ತು ಟಾಸಾ. ಪ್ಯಾನ್ ಯಾರ್ಡ್ ಅನ್ನೋ ಮಾತೂ ಬರುತ್ತೆ. 'ಉಕ್ಕಿನ ಬಾಣಲೆ' ಅಂತ ಬರೆದರೆ ಮಕ್ಕಳು ಬೋಂಡಾ ಎಲ್ಲಿ ಅಂತಾರೆ. ಸುಮ್ನೆ 'ಸ್ಟೀಲ್ ಡ್ರಮ್' ಅಂತ ಬರೆದುಬಿಡಲೇ?

---

> ಸುಮ್ನೆ 'ಸ್ಟೀಲ್ ಡ್ರಮ್' ಅಂತ ಬರೆದುಬಿಡಲೇ?

ಬೇಡ. ಚರ್ಮ ಇಲ್ಲದ್ದು ಡ್ರಮ್ ಹೇಗಾಗುತ್ತೆ? 'ಉಲಿಪೀಪಾಯಿ' ಅನ್ನಿ. ಅಚ್ಚಗನ್ನಡ. ಇಂಗ್ಲಿಷಿನ ಹಂಗೂ ಬೇಡ, ಸಂಸ್ಕೃತದ ಹಂಗೂ ಬೇಡ.

---

ಪೀಪಾಯಿ ಪೋರ್ಚುಗೀಸರದು ಸ್ವಾಮೀ. ಚಾವಿ, ಇಸ್ತ್ರಿ ಜೊತೆ ಹಡಗಿನಿಂದ ಇಳಿದದ್ದು. ಅಚ್ಚಗನ್ನಡ ಅಂತೆ.

---

ಮೇಡಂ, ಡ್ರಮ್ ಅಂತ ಬರೆಯಬೇಡಿ ಅನ್ನೋದಕ್ಕೆ ಚರ್ಮಕ್ಕಿಂತ ಗಟ್ಟಿ ಕಾರಣ ಇದೆ. ಅಲ್ಲಿಯವರು ಅದನ್ನು ಪ್ಯಾನ್ ಅಂತಾರೆ, ಅಷ್ಟೆ. ಹೊರಗಿನವರು ಸ್ಟೀಲ್ ಡ್ರಮ್ ಅಂದರೆ ತಿದ್ದುತ್ತಾರೆ.

1880ರ ದಶಕದಲ್ಲಿ ಕಾರ್ನಿವಲ್ ಗಲಭೆ ಆದ ಮೇಲೆ ಬ್ರಿಟಿಷ್ ಸರ್ಕಾರ ಅಲ್ಲಿ ಡೋಲು ಬಾರಿಸೋದಕ್ಕೇ ಕಟ್ಟುಪಾಡು ಹಾಕಿತು. ಆಫ್ರಿಕಾ ಮೂಲದ ಜನ ಬಿಡಲಿಲ್ಲ. ಬಿದಿರಿನ ತುಂಡುಗಳನ್ನು ನೆಲಕ್ಕೆ ಕುಟ್ಟಿ ತಾಳ ಹಾಕಿದರು. ಅದಕ್ಕೆ ತಂಬೂ ಬಂಬೂ ಅಂತ ಹೆಸರು. 1930ರ ದಶಕದಲ್ಲಿ ಬಿದಿರಿನ ಜಾಗಕ್ಕೆ ಬಿಸ್ಕತ್ ಡಬ್ಬ, ಕಸದ ಡಬ್ಬ ಬಂದವು. ಆಮೇಲೆ ಎಣ್ಣೆ ಪೀಪಾಯಿ. ಎಣ್ಣೆ ತೆಗೆಯೋ ದ್ವೀಪ ಅದು, ಪೀಪಾಯಿಗೇನು ಬರ?

ಪೀಪಾಯಿಯ ತಳವನ್ನು ಸುತ್ತಿಗೆಯಿಂದ ಬಡಿದು ಬಡಿದು ಬೋಗುಣಿಯ ಹಾಗೆ ತಗ್ಗು ಮಾಡುತ್ತಾರೆ. ಒಂದೊಂದು ಸ್ವರಕ್ಕೂ ಒಂದೊಂದು ಮನೆ ಗುರುತು ಹಾಕುತ್ತಾರೆ. ಬೆಂಕಿಯಲ್ಲಿ ಕಾಯಿಸಿ, ಕೆಳಗಿಂದ ಮೇಲಿಂದ ತಟ್ಟಿ ಶ್ರುತಿ ಕೂರಿಸುತ್ತಾರೆ. ಸಣ್ಣ ಮನೆಗೆ ತಾರ, ದೊಡ್ಡ ಮನೆಗೆ ಮಂದ್ರ. ನುಡಿಸೋದು ತುದಿಗೆ ರಬ್ಬರ್ ಸುತ್ತಿದ ಕೋಲಿನಿಂದ. ಮಂದ್ರದ ಪ್ಯಾನ್ ಅಂದರೆ ಇಡೀ ಪೀಪಾಯಿಯೇ. ಅಂಥವು ಆರೋ ಒಂಬತ್ತೋ ಸುತ್ತ ಇಟ್ಟುಕೊಂಡು ಒಬ್ಬನೇ ನಡುವೆ ನಿಂತಿರುತ್ತಾನೆ.

1992ರಲ್ಲಿ ಅದನ್ನು ರಾಷ್ಟ್ರೀಯ ವಾದ್ಯ ಅಂತ ಸಾರಿದರು. ಈಚೆಗೆ ದೇಶದ ಲಾಂಛನದಿಂದ ಕೊಲಂಬಸ್‌ನ ಮೂರು ಹಡಗು ತೆಗೆದು ಅಲ್ಲಿ ಪ್ಯಾನ್ ಇಟ್ಟಿದ್ದಾರೆ. ಅವರು ಇಷ್ಟು ಮೆರೆಸಿರೋ ಹೆಸರನ್ನು ಅಳಿಸಿ ನಾವು 'ಉಲಿಪೀಪಾಯಿ' ಅಂತ ನಾಮಕರಣ ಮಾಡೋದು ಜಾಸ್ತಿಯಾಯ್ತು. 'ಪ್ಯಾನ್' ಅಂತಲೇ ಇಡಿ, ಕೆಳಗೆ ಒಂದು ಸಾಲಿನ ವಿವರ ಕೊಡಿ.

ಪ್ಯಾನ್ ಯಾರ್ಡ್‌ಗೆ 'ಗರಡಿ' ಚೆನ್ನಾಗಿರುತ್ತೆ. ಕಾರ್ನಿವಲ್‌ಗೆ ಮುಂಚಿನ ವಾರಗಳಲ್ಲಿ ಕೇರಿಯ ತಂಡ ರಾತ್ರಿ ಹೊತ್ತು ಅಲ್ಲೇ ತಾಲೀಮು ಮಾಡೋದು. ಕೇಳೋದಕ್ಕೆ ಅಂತಲೇ ಜನ ಬಂದು ನಿಲ್ಲುತ್ತಾರೆ. 1963ರಿಂದ ನಡೆಯುತ್ತಿರೋ ಪನೊರಮಾ ಸ್ಪರ್ಧೆಗೆ ಒಂದೊಂದು ದೊಡ್ಡ ತಂಡದಲ್ಲಿ ನೂರಕ್ಕೂ ಹೆಚ್ಚು ಜನ ಇರುತ್ತಾರೆ. ಹಿಂದೆ ತಂಡ ತಂಡಗಳ ನಡುವೆ ಬೀದಿಯಲ್ಲಿ ಹೊಡೆದಾಟವೂ ಆಗುತ್ತಿತ್ತು. ಗರಡಿ ಅನ್ನೋದಕ್ಕೆ ಇನ್ನೇನು ಬೇಕು?

---

ತಂಬೂ ಅಂದರೆ ನಮ್ಮ ತಮಟೆಯೇ ಅಲ್ವಾ? 1845ರಲ್ಲೇ ಭಾರತದಿಂದ ಕೂಲಿಯವರ ಹಡಗು ಟ್ರಿನಿಡಾಡಿಗೆ ಹೋಗಿತ್ತು. ತಮಟೆ, ತಮ್ಮಟ, ತಂಬಟ, ತಂಬೂ. ಸರಪಳಿ ಕೂಡಿಬರುತ್ತೆ. ಈ ಬಗ್ಗೆ ನಾನು ಹಿಂದೆಯೂ ಇಲ್ಲಿ ಬರೆದಿದ್ದೆ, ಯಾರೂ ಉತ್ತರಿಸಲಿಲ್ಲ.

---

ಕೂಡಿಬರಲ್ಲ. ಫ್ರೆಂಚಿನ 'ತಾಂಬೂರ್'. ಆ ದ್ವೀಪದ ಜನರ ಮಾತಿನಲ್ಲಿ ಫ್ರೆಂಚ್ ಬೇಕಾದಷ್ಟಿತ್ತು. ಹಿಂದೆ ಯಾಕೆ ಉತ್ತರ ಬರಲಿಲ್ಲ ಅಂತ ಈಗ ಗೊತ್ತಾಯ್ತಲ್ಲ.

---

ಗರಡಿ ಬೇಡ. ಮಂಗಳೂರು ಉಡುಪಿ ಕಡೆ ಗರಡಿ ಅಂದರೆ ಕೋಟಿ ಚೆನ್ನಯರ ಗರಡಿ. ಅಲ್ಲಿ ಪೀಪಾಯಿ ಬಡಿಯೋದುಂಟಾ? 'ಪ್ಯಾನ್ ಅಂಗಳ' ಸಾಕು.

ಟಾಸಾ ಬಗ್ಗೆ ಯಾರೂ ಮಾತೇ ಆಡಿಲ್ಲ. ಅದಕ್ಕೆ ಅನುವಾದ ಬೇಕೇ ಇಲ್ಲ ಮೇಡಂ. ಹುಲಿವೇಷಕ್ಕೆ ಬಡಿಯುತ್ತೇವಲ್ಲ, ತಾಸೆ, ಅದೇ ಮಾತು. ಅಲ್ಲಿಯೂ ಕೊರಳಿಗೆ ಹಾಕಿಕೊಂಡು ಎರಡು ಕೋಲಿನಲ್ಲಿ ಬಾರಿಸುತ್ತಾರೆ. ಹಳೆಯ ಬಗೆಯದಕ್ಕೆ ಮಣ್ಣಿನ ಬುರುಡೆ, ಆಡಿನ ಚರ್ಮ. ಚರ್ಮ ಸಡಿಲಾದರೆ ಬೆಂಕಿಗೆ ಹಿಡಿದು ಬಿಗಿ ಮಾಡೋದು. ಜೊತೆಗೆ ದೊಡ್ಡ ಡೋಲು, ಕಂಚಿನ ಜಾಂಜ್. ಮದುವೆಗೂ ಅದೇ, ಮೊಹರಮ್ಮಿಗೂ ಅದೇ. ಮೊಹರಮ್ಮಿಗೆ ಅಲ್ಲಿ ಹೊಸೇ ಅಂತಾರೆ, ಹುಸೇನ್ ಅನ್ನೋದು ಸವೆದು ಆದದ್ದು. ಹಿಂದೂಗಳು, ಆಫ್ರಿಕಾ ಮೂಲದವರು ಕೂಡ ಬರುತ್ತಾರೆ. 1884ರಲ್ಲಿ ಸಾನ್ ಫರ್ನಾಂಡೋದಲ್ಲಿ ಆ ಮೆರವಣಿಗೆಯ ಮೇಲೆ ಗುಂಡು ಹಾರಿಸಿ ಜನರನ್ನು ಕೊಂದಿದ್ದರು. ಆದರೂ ಹಬ್ಬ ನಿಂತಿಲ್ಲ.

---

ಖರೆ ಐತಿ. ನಮ್ಮ ಕಡೆ ಅಲಾಯಿ ಹಬ್ಬದಾಗೂ ಎಲ್ಲಾ ಜಾತಿಯವರು ಕೂಡ್ತಾರ. ಹೊಸೇ ಮೆರವಣಿಗಿಯಾಗ ಅವರು ತರೋ ಗೋರಿ ಮಾದರಿಗೆ ತಾಜಾ ಅಂತಾರ, ಅದು ನಮ್ಮ ತಾಬೂತಿನ ಹಾಂಗ.

---

ತಾಸೆ ಕೂಡ ಪಾರಸಿ. ಬಟ್ಟಲು ಅನ್ನೋ ಅರ್ಥದ 'ತಾಸ್'. ಒಂದು ಬೋರ್ಡಿನಲ್ಲಿ ಇಂಗ್ಲಿಷ್, ಪಾರಸಿ ಎರಡೂ ತುಂಬಿ ಅದನ್ನು ಕನ್ನಡ ಅಂತ ತೂಗುಹಾಕಿ. ಇದೇ ನಮ್ಮ ಹಣೆಬರಹ.

---

ಅದೇ ತಾಸ್ ಬಟ್ಟಲಿನಿಂದ ನಮಗೆ 'ತಾಸು' ಬಂದದ್ದು. ಅದನ್ನೂ ವಾಪಸ್ ಕಳಿಸ್ತೀರಾ?

---

ನಾನು ತಾಸು ಅನ್ನಲ್ಲ. ಗಂಟೆ ಅಂತೀನಿ.

---

ಗಂಟೆ ಸಂಸ್ಕೃತ.

---

ಹಾಗಾದರೆ ಹೊತ್ತು ಅಂತೀನಿ!

---

ಬಸ್ ಸ್ಟ್ಯಾಂಡಿನಲ್ಲಿ 'ಎಂಟು ಹೊತ್ತಿನ ಬಸ್ಸು ಹೋಯ್ತಾ' ಅಂತ ಕೇಳಿ ನೋಡಿ. ಏನಂದರು ಅಂತ ಇಲ್ಲಿ ಬರೆಯಿರಿ.

---

ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಆಯ್ತು, ಹೀಗೆ ಕಳಿಸುತ್ತಿದ್ದೇನೆ:

'ಪ್ಯಾನ್: ಎಣ್ಣೆ ಪೀಪಾಯಿಯ ತಳ ತಟ್ಟಿ ಶ್ರುತಿ ಮಾಡಿದ ಉಕ್ಕಿನ ವಾದ್ಯ. ಟ್ರಿನಿಡಾಡಿನ ರಾಷ್ಟ್ರೀಯ ವಾದ್ಯ. ತಂಡಗಳು ಪ್ಯಾನ್ ಅಂಗಳದಲ್ಲಿ ಕಲಿಯುತ್ತವೆ. ತಾಸೆ: ಭಾರತದಿಂದ ಹೋದವರು ಉಳಿಸಿಕೊಂಡ ಚರ್ಮವಾದ್ಯ.'

---

'ಪ್ಯಾನ್' ಅಲ್ಲ, 'ಪ್ಯಾನು'. ಕನ್ನಡದ ಹೆಸರುಪದ ವ್ಯಂಜನದಲ್ಲಿ ಮುಗಿಯಲ್ಲ. ಅಷ್ಟಾದರೂ ಮಾಡಿ.