8 ವರ್ಷದ ಹಿಂದೆ ಮುರಿದ ಮೊಣಕೈ, ಈಗ ಮಡಚೋಕೆ ಬರುತ್ತಾ?

ಪ್ರಶ್ನೆ:
ಮೇಡಂ ನಮಸ್ತೆ, ನಂಗೆ 41 ವರ್ಷ, ಬನಶಂಕರಿ ಕಡೆ ಇರೋದು. 8 ವರ್ಷದ ಹಿಂದೆ ಮಳೇಲಿ ಸ್ಕೂಟರ್ ಜಾರಿ ಬಲಗೈ ಮೊಣಕೈ ಹತ್ರ ಮೂಳೆ ಮುರೀತು, 6 ವಾರ ಪ್ಲಾಸ್ಟರ್ ಇತ್ತು, ಬಿಚ್ಚಿದ ಮೇಲೆ ಎಕ್ಸರ್ಸೈಜ್ ಹೇಳಿಕೊಟ್ಟಿದ್ರು ಆದ್ರೆ ಮಗಳು ಆಗ ಕೈಗೂಸು, ಸರಿಯಾಗಿ ಮಾಡೋಕೆ ಆಗ್ಲಿಲ್ಲ. ಈಗ ನೋವಿಲ್ಲ, ಆದ್ರೆ ಕೈ ಪೂರ್ತಿ ನೆಟ್ಟಗಾಗಲ್ಲ, ತುತ್ತು ಬಾಯಿಗೆ ಇಡಬೇಕಂದ್ರೆ ತಲೇನೇ ಬಗ್ಗಿಸಬೇಕು. ಮದುವೆ ಮನೇಲಿ ಪಂಕ್ತಿಗೆ ಕೂತಾಗ ನಾನೊಬ್ಬಳೇ ಸ್ಪೂನ್ ಕೇಳ್ತೀನಿ, ತುಂಬ ಬೇಜಾರಾಗುತ್ತೆ. ಒಬ್ರು ಇಷ್ಟು ವರ್ಷ ಆದ್ಮೇಲೆ ಏನೂ ಆಗಲ್ಲ ಅಂದ್ರು, ಅತ್ತೆ ಎಣ್ಣೆ ಹಚ್ಚಿ ಎಳೆಯೋರ ಹತ್ರ ಹೋಗೋಣ ಅಂತಿದಾರೆ. ಏನ್ ಮಾಡ್ಲಿ?

ಫಿಸಿಯೋ:
ಎಳೆಯೋರ ಹತ್ರ ಹೋಗ್ಬೇಡಿ ಅಮ್ಮ, ಇದನ್ನ ಮೊದಲೇ ಹೇಳಿಬಿಡ್ತೀನಿ. ಮೊಣಕೈ ಒಂದು ಥರ ಸೂಕ್ಷ್ಮ ಕೀಲು, ಮೂರು ಮೂಳೆ ಒಂದೇ ಚೀಲದೊಳಗೆ ಸೇರ್ಕೊಂಡಿರುತ್ತೆ, ಏಟು ಬಿದ್ದು ವಾರಗಟ್ಟಲೆ ಅಲ್ಲಾಡದೆ ಇದ್ರೆ ಆ ಚೀಲ ದಪ್ಪ ಆಗಿ ಕುಗ್ಗಿಬಿಡುತ್ತೆ. ಜೋರಾಗಿ ಎಳೆದ್ರೆ ಅದು ಬಿಡೋ ಬದಲು ಊದ್ಕೊಂಡು ಇನ್ನೂ ಬಿಗಿಯಾಗುತ್ತೆ, ಹೊಸ ಏಟಲ್ಲಂತೂ ಸ್ನಾಯು ಒಳಗೇ ಮೂಳೆ ಬೆಳೆಯೋದೂ ಉಂಟು.

ಏನೂ ಆಗಲ್ಲ ಅನ್ನೋದನ್ನೂ ಕೈ ಮುಟ್ಟಿ ನೋಡದೆ ಹೇಳೋಕಾಗಲ್ಲ. ಎಡಗೈಲಿ ಬಲ ಮಣಿಕಟ್ಟು ಹಿಡಿದು ಮೆಲ್ಲಗೆ ಮಡಚಿ, ಕೊನೇಲಿ ರಬ್ಬರ್ ಎಳೆದ ಹಾಗೆ ಸ್ವಲ್ಪ ಸ್ವಲ್ಪ ಕೊಡುತ್ತಾ ಇಲ್ಲ ಅಗಳಿ ಹಾಕಿದ ಬಾಗಿಲ ಥರ ಟಕ್ ಅಂತ ನಿಲ್ಲುತ್ತಾ ನೋಡಿ. ರಬ್ಬರ್ ಥರ ಇದ್ರೆ ವರ್ಷ ಎಷ್ಟೇ ಆಗಿರಲಿ ಪ್ರಯತ್ನ ಪಡಬಹುದು, ಟಕ್ ಅಂದ್ರೆ ಮೂಳೆನೇ ಅಡ್ಡ ಇರಬಹುದು, ಅದು ವ್ಯಾಯಾಮಕ್ಕೆ ಬಗ್ಗಲ್ಲ. ಹೇಗಿದ್ರೂ ಶುರು ಮಾಡೋ ಮುಂಚೆ ಒಂದು ಎಕ್ಸ್‌ರೇ ಬೇಕೇ ಬೇಕು.

ಇನ್ನೊಂದು ಮಾತು, ಪೂರ್ತಿ ಕೈ ವಾಪಸ್ ಬರ್ಲೇಬೇಕು ಅಂತಿಲ್ಲ. ಕೈ ನೆಟ್ಟಗಿದ್ರೆ ಸೊನ್ನೆ ಅಂತ ಲೆಕ್ಕ, ನಾರ್ಮಲ್ ಮೊಣಕೈ ಅಲ್ಲಿಂದ ಸುಮಾರು 140 ಡಿಗ್ರಿ ಮಡಚುತ್ತೆ, ಆದ್ರೆ ದಿನದ ಕೆಲಸದಲ್ಲಿ ಹೆಚ್ಚಿನದಕ್ಕೆ 30ರಿಂದ 130 ಸಾಕು. ನಿಮಗೆ ಬೇಕಿರೋದು ಮಡಚೋ ಕಡೆ ಕೊನೇ ಸ್ವಲ್ಪ, ಅದಕ್ಕೇ ಮೊದಲು ಒತ್ತು ಕೊಡೋಣ.

ಇನ್ನೊಬ್ಬ ಸದಸ್ಯರು:
ಮೇಡಂ ದಿನಾ ಎಷ್ಟು ಹೊತ್ತು ಮಾಡ್ಬೇಕು? ನಮ್ಮ ತಮ್ಮಂಗೂ ಹಿಂಗೇ ಆಗಿದೆ.

ಫಿಸಿಯೋ:
ಜೋರು ಕಮ್ಮಿ, ಹೊತ್ತು ಜಾಸ್ತಿ. ಬಿಸಿ ಟವೆಲ್ 10 ನಿಮಿಷ, ಆಮೇಲೆ ಇನ್ನೊಂದು ಕೈಲಿ ಎಳೆತ ಗೊತ್ತಾಗೋಷ್ಟು ಮಡಚಿ ಅರ್ಧ ನಿಮಿಷ ಹಿಡ್ಕೊಳ್ಳೋದು, ಐದಾರು ಸಲ, ದಿನಕ್ಕೆ ಮೂರು ಹೊತ್ತು. ಮಾರನೇ ದಿನ ಬೆಳಿಗ್ಗೆ ಊತ ಅಥವಾ ನೋವು ಇದ್ರೆ ಹಿಂದಿನ ದಿನ ಜಾಸ್ತಿ ಆಯ್ತು ಅಂತ ಅರ್ಥ. ಇಷ್ಟೇ ಮಾಡಿ ಮಿಕ್ಕಿದ ದಿನವೆಲ್ಲಾ ಎಡಗೈ ಬಳಸಿದ್ರೆ ಸಿಕ್ಕಿದ್ದೂ ಹೋಗುತ್ತೆ, ಅದಕ್ಕೆ ಮೊದಲ ನಾಲ್ಕು ತುತ್ತು ಬಲಗೈಲೇ ತಿನ್ನಿ, ತಲೆ ಬಗ್ಗಿಸದೆ, ಆಮೇಲೆ ಬೇಕಾದ್ರೆ ಸ್ಪೂನ್. ಹೆಬ್ಬೆರಳಿಗೂ ಭುಜಕ್ಕೂ ಎಷ್ಟು ಬೆರಳು ಗ್ಯಾಪ್ ಇದೆ ಅಂತ ಎರಡು ವಾರಕ್ಕೊಮ್ಮೆ ಬರೆದಿಡಿ, ಹಳೇ ಬಿಗಿತ ನಿಧಾನಕ್ಕೆ ಬಿಡೋದು, ದಿನಾ ನೋಡಿದ್ರೆ ಗೊತ್ತಾಗಲ್ಲ. ಮೂರು ತಿಂಗಳು ತಪ್ಪದೆ ಮಾಡಿಯೂ ಒಂದು ಬೆರಳೂ ಕಮ್ಮಿ ಆಗ್ಲಿಲ್ಲ ಅಂದ್ರೆ ಸ್ಪ್ಲಿಂಟ್ ಇದೆ, ಅಂದ್ರೆ ಕೈಯನ್ನ ಎಳೆತದಲ್ಲೇ ಹಿಡಿದಿಡೋ ಪಟ್ಟಿ, ಚೀಲ ಬಿಡಿಸೋ ಆಪರೇಷನ್ ಇದೆ, ಆದ್ರೆ ಆಪರೇಷನ್ ಆದ್ಮೇಲೂ ಇದೇ ವ್ಯಾಯಾಮ ಮಾಡ್ಲೇಬೇಕು.

ಪ್ರಶ್ನೆ ಕೇಳಿದವರು:
ಈಗ್ಲೇ ನೋಡಿದೆ ಮೇಡಂ, ರಬ್ಬರ್ ಥರನೇ ಇದೆ!! ಆದ್ರೆ ಮಡಚಿ ಹಿಡಿದಾಗ ಕಿರುಬೆರಳು ಜುಮ್ ಅನ್ನುತ್ತೆ, ರಾತ್ರಿ ಮಲಗಿದಾಗಲೂ ಆಗುತ್ತೆ.

ಫಿಸಿಯೋ:
ಹಂಗಾದ್ರೆ ಇವತ್ತಿಂದ ಶುರು ಮಾಡ್ಬೇಡಿ. ಮೊಣಕೈ ಒಳಬದೀಲಿ ಒಂದು ನರ ಹೋಗುತ್ತೆ, ಮಡಚಿದಷ್ಟೂ ಅದು ಬಿಗಿಯಾಗುತ್ತೆ, ನಿಮ್ಮದು ಅಲ್ಲಿ ಒತ್ತಿರಬಹುದು, ಅದನ್ನ ಮೊದಲು ಮೂಳೆ ಡಾಕ್ಟ್ರು ನೋಡ್ಬೇಕು. ನಿಮಗೆ ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆ ದೂರ ಇಲ್ಲ, ಸರ್ಕಾರದ್ದು, ಮೂಳೆಗೇ ಇರೋದು. ಹಳೇ ಎಕ್ಸ್‌ರೇ ಇದ್ರೆ ರಿಪೋರ್ಟ್ ಒಂದೇ ಅಲ್ಲ, ಫಿಲ್ಮೂ ತಗೊಂಡ್ ಹೋಗಿ, ಕಿರುಬೆರಳು ಜುಮ್ ಅನ್ನೋದನ್ನ ಅವ್ರು ಕೇಳೋ ಮುಂಚೆ ನೀವೇ ಹೇಳಿ.